ಇರುವ ನೆಮ್ಮದಿ ಬಿಟ್ಟು ಹೊರದೇಶಕ್ಕೆ ಸೇವೆಗೆ ಹೋಗಿದ್ದವರು ಇದ್ದೀರಾ?

ಒಳ್ಳೆಯ ಕೆಲಸವಿದೆ, ಮನೆಯಿದೆ, ಸಾಲವಿಲ್ಲ. ಆದರೂ ಒಂದೆರಡು ವರ್ಷ ಬೇರೆ ದೇಶದಲ್ಲಿ, ಕಷ್ಟದಲ್ಲಿರುವವರ ನಡುವೆ ಕೆಲಸ ಮಾಡಬೇಕು ಅನ್ನುವ ಆಸೆ ಬಿಡುತ್ತಿಲ್ಲ. ನಾನು ಅಕೌಂಟೆಂಟ್, ಡಾಕ್ಟರ್ ಅಲ್ಲ. ನನ್ನಿಂದ ಅಲ್ಲಿ ಏನಾದರೂ ಉಪಯೋಗ ಇದೆಯಾ? ಹೋಗಿ ಬಂದವರು ಹೇಳಿ.

ಲೆಕ್ಕಪತ್ರದ ಕೆಲಸಕ್ಕೇ ಹೋಗಿದ್ದವರು:
ಖಂಡಿತ ಇದೆ. 1971ರಲ್ಲಿ ಪ್ಯಾರಿಸ್‌ನಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಕಟ್ಟಿದವರಲ್ಲೇ ಪತ್ರಕರ್ತರೂ ಇದ್ದರು. ಇವತ್ತಿಗೂ ಅವರಿಗೆ ಲೆಕ್ಕ ನೋಡುವವರು, ನೀರಿನ ಎಂಜಿನಿಯರ್‌ಗಳು, ಉಗ್ರಾಣ ನಡೆಸುವವರು ಬೇಕು. ಲೆಕ್ಕ ಸರಿಯಿಲ್ಲದಿದ್ದರೆ ಔಷಧಿ ಬರುವುದು ತಡವಾಗುತ್ತದೆ, ನರ್ಸ್‌ಗಳ ಸಂಬಳ ನಿಲ್ಲುತ್ತದೆ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ನಿಮ್ಮ ಕೆಲಸ ಚಿಕ್ಕದು ಅಂದುಕೊಳ್ಳಲೇಬೇಡಿ.

ಆದರೆ ಒಂದು ಮಾತು. ಇಂಥ ಸಂಸ್ಥೆಗಳಲ್ಲಿ ಹೆಚ್ಚಿನ ಸಿಬ್ಬಂದಿ ಆಯಾ ದೇಶದವರೇ. ನಾವು ಬರುತ್ತೇವೆ, ಹೋಗುತ್ತೇವೆ. ಅವರು ಅಲ್ಲೇ ಇರುತ್ತಾರೆ. ಗುಂಡು ಹಾರಿದರೂ, ಕಾಲರಾ ಬಂದರೂ ಅವರ ಮನೆ ಅಲ್ಲೇ. ಅದಕ್ಕೇ ಮೊದಲ ಕೆಲವು ವಾರ ಸುಮ್ನೆ ಕೇಳಿಸಿಕೊಳ್ಳಿ. ನನಗೆ ಅಲ್ಲಿನ ಕ್ಯಾಷಿಯರ್ ಹೇಳಿಕೊಟ್ಟಷ್ಟನ್ನು ಯಾವ ತರಬೇತಿಯೂ ಹೇಳಿಕೊಟ್ಟಿಲ್ಲ. ವಾಪಸ್ ಬರುವಾಗ ನನ್ನ ಕುರ್ಚಿ ಅವರಿಗೇ ಸಿಕ್ಕಿತು. ಆ ಅವಧಿಯಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ ಎಂದು ಈಗಲೂ ನಂಬಿದ್ದೇನೆ.

ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಯನ್ನೂ ನೋಡಿ. ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ಅರ್ಜಿಗೆ ಶುಲ್ಕವಿಲ್ಲ, ತಿಂಗಳ ಜೀವನ ಭತ್ಯೆ ಕೊಡುತ್ತಾರೆ.

ನರ್ಸ್ ಆಗಿ ಹೋಗಿದ್ದವರು:
ಲಸಿಕೆಗಳನ್ನು ಬೇಗ ಶುರು ಮಾಡಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ 6 ತಿಂಗಳು ಬೇಕು. ಹಳದಿ ಜ್ವರದ ಪ್ರಮಾಣಪತ್ರ ಲಸಿಕೆ ಹಾಕಿಸಿದ 10 ದಿನಗಳ ನಂತರವೇ ಊರ್ಜಿತ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಮಲೇರಿಯಾ ಮಾತ್ರೆಯನ್ನು ವಾಪಸ್ ಬಂದ ಮೇಲೂ, ಯಾವ ಮಾತ್ರೆ ಅನ್ನುವುದರ ಮೇಲೆ, ಒಂದರಿಂದ ನಾಲ್ಕು ವಾರ ತೆಗೆದುಕೊಳ್ಳಬೇಕು, ಜಾಸ್ತಿ ಜನ ಇಲ್ಲೇ ಬಿಟ್ಟುಬಿಡುತ್ತಾರೆ.

ಮಕ್ಕಳ ಜೊತೆ ಕೆಲಸ ಮಾಡಿದವರು:
ದುಡ್ಡು ಕಟ್ಟಿಸಿಕೊಂಡು ಅನಾಥಾಲಯಕ್ಕೆ ಕೆಲವು ವಾರ ಕಳಿಸುವ ಕಡೆಗೆ ದಯವಿಟ್ಟು ಹೋಗಬೇಡಿ. ಅಂಥ ಕಡೆ ಇರುವ ಎಷ್ಟೋ ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಇದ್ದಾರೆ. ನೋಡಲು ಬರುವವರು ಇದ್ದಾರೆಂದೇ ಮಕ್ಕಳನ್ನು ಮನೆಯಿಂದ ಎತ್ತಿ ತಂದಿಟ್ಟ ಉದಾಹರಣೆಗಳಿವೆ. ಹಚ್ಚಿಕೊಂಡ ಮಗುವನ್ನು ತಿಂಗಳಿಗೊಬ್ಬರು ಬಿಟ್ಟು ಹೋದರೆ ಅದಕ್ಕೆ ಹೇಗಾಗಬೇಡ? ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮತ್ತೆ ಲೆಕ್ಕಪತ್ರದವರು:
ಮನೆಯವರ ಬಗ್ಗೆ ಹೇಳುವುದು ಬಿಟ್ಟುಹೋಯಿತು. ಹೊರಡುವಾಗಿನ ಅಳುವಿಗಿಂತ ವಾಪಸ್ ಬಂದ ಮೇಲಿನ ಮೌನ ಕಷ್ಟ. ಅಲ್ಲಿ ಕಂಡದ್ದನ್ನು ಯಾರಿಗೂ ಹೇಳಲಾಗದೆ ನಾನು ಕೆಲವು ತಿಂಗಳು ಒಬ್ಬಂಟಿಯಾಗಿದ್ದೆ. ಜೊತೆಗೆ ಕೆಲಸ ಮಾಡಿದವರ ಹತ್ತಿರ ಮಾತಾಡಿದ ಮೇಲೆ ಹಗುರವಾಯಿತು. ಮರಳಿದವರಿಗೆ ಆಪ್ತಸಲಹೆ ಕೊಡುತ್ತೀರಾ ಎಂದು ಸಂದರ್ಶನದಲ್ಲೇ ಕೇಳಿ. ಹಾಗೆಯೇ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಸಂಬಳವಿಲ್ಲದ ದೀರ್ಘ ರಜೆ ಸಿಗುತ್ತದಾ ವಿಚಾರಿಸಿ. ಅನೇಕರಿಗೆ ಸಿಕ್ಕಿದೆ.