ಏವಿಯಾಂಕಾದ ವಯಸ್ಸಿನ ಪಂಚಾಯಿತಿ

ಇಂದಿಗೂ ಹಾರಾಡುತ್ತಿರುವ ವಿಮಾನ ಕಂಪನಿಗಳಲ್ಲಿ ನೆದರ್‌ಲೆಂಡ್ಸಿನ ಕೆಎಲ್‌ಎಂ ಅತಿ ಹಳೆಯದು ಎಂಬುದರ ಬಗ್ಗೆ ನಮ್ಮ ಸಂಜೆಯ ಕೂಟದಲ್ಲಿ ಯಾರ ತಕರಾರೂ ಇರಲಿಲ್ಲ. ಎರಡನೆಯ ಸ್ಥಾನ ಕೊಲಂಬಿಯಾದ ಏವಿಯಾಂಕಾದ್ದು ಎಂದು ಅಂಚೆಚೀಟಿ ಸಂಗ್ರಹಿಸುವ ಶ್ಯಾಮರಾಯರು ಹೇಳಿದ್ದೇ ತಡ, ನಿವೃತ್ತ ಲೆಕ್ಕಪರಿಶೋಧಕರಾದ ನಂಜುಂಡಯ್ಯನವರು ಜನ್ಮದಾಖಲೆ ಕೇಳಿದರು.

“1919ರ ಡಿಸೆಂಬರ್ 5, ಬರಾಂಕಿಯಾ ನಗರ. ಕೆಎಲ್‌ಎಂ ಹುಟ್ಟಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಕೆಲವರು ಜರ್ಮನ್ನರೂ ಕೆಲವರು ಕೊಲಂಬಿಯನ್ನರೂ ಸೇರಿ ಕಟ್ಟಿದ ಆ ಕಂಪನಿಗೆ ಸ್ಕಾಡ್ಟಾ ಎಂದು ಹೆಸರು.”

“ಅಲ್ಲಿಗೆ ಹೆಸರೇ ಬೇರೆ ಎಂದಾಯಿತು,” ಎಂದು ನಂಜುಂಡಯ್ಯನವರು ಮೊದಲ ಆಕ್ಷೇಪಣೆಯನ್ನು ದಾಖಲಿಸಿದರು.

ಭೂಗೋಳದ ಮೇಡಂ ಸಾವಿತ್ರಮ್ಮನವರು ಅಷ್ಟರಲ್ಲಿ ನಕ್ಷೆಯನ್ನೇ ಬಿಡಿಸಿದರು. ಬರಾಂಕಿಯಾ ಇರುವುದು ಕಡಲ ಮಗ್ಗುಲಲ್ಲಿ, ರಾಜಧಾನಿ ಬೊಗೊಟಾ ಇರುವುದು 2,600 ಮೀಟರ್ ಎತ್ತರದ ಬೆಟ್ಟದ ಮೇಲೆ, ಇವೆರಡರ ನಡುವಿನ ಹೆದ್ದಾರಿಯೆಂದರೆ ಮಗ್ದಲೇನಾ ನದಿ. ಬೇಸಗೆಯಲ್ಲಿ ಮರಳ ದಿಬ್ಬಕ್ಕೆ ಸಿಕ್ಕಿಕೊಳ್ಳುವ ಹಬೆದೋಣಿ ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದ ದಾರಿಯನ್ನು, ಚಕ್ರದ ಬದಲು ತೇಲುಕೊಳವೆ ಕಟ್ಟಿಕೊಂಡ ಜಂಕರ್ಸ್ ಎಫ್-13 ವಿಮಾನಗಳು ಒಂದೇ ದಿನದಲ್ಲಿ ಮುಗಿಸತೊಡಗಿದವು. ನದಿಯ ಮೇಲೆಯೇ ಇಳಿಯುತ್ತಿದ್ದುದರಿಂದ ನಿಲ್ದಾಣ ಕಟ್ಟುವ ಖರ್ಚು ಉಳಿಯಿತು. ಗಿರಾರ್ದೋತ್ ಎಂಬಲ್ಲಿ ನೀರಿನಿಂದ ಮೇಲೆ ಬಂದು ರೈಲು ಹತ್ತಿದರೆ ಬೊಗೊಟಾ.

“ಒಂದು ವಿಮಾನದಲ್ಲಿ ನಾಲ್ಕೇ ಜನ ಕುಳಿತರೆ ಕಂಪನಿ ಬದುಕಿದ್ದು ಹೇಗೆ?” ಎಂದು ನಾನು ಕೇಳಿದೆ.

“ಕಾಗದ ಹೊತ್ತು!” ಎಂದು ಶ್ಯಾಮರಾಯರು ಕಿಸೆಯಿಂದ ಅಂಚೆಚೀಟಿಯೊಂದನ್ನು ಇಕ್ಕುಳದಲ್ಲಿ ಹಿಡಿದು ತೆಗೆದರು. ವಿಮಾನದ ಟಪಾಲಿಗೆ ಕಂಪನಿ ತನ್ನದೇ ಅಂಚೆಚೀಟಿ ಅಚ್ಚು ಹಾಕಿಸಿ, ವಿದೇಶಗಳಲ್ಲಿದ್ದ ಕೊಲಂಬಿಯಾದ ಕಾನ್ಸುಲೇಟುಗಳಲ್ಲಿಯೂ ಮಾರಿಸುತ್ತಿತ್ತು. ಯಾವ ದೇಶದಲ್ಲಿ ಮಾರಾಟವಾಯಿತೆಂಬುದಕ್ಕೆ ಚೀಟಿಯ ಮೇಲೊಂದು ಅಕ್ಷರದ ಗುರುತು. ಸಾವಿತ್ರಮ್ಮನವರು ಬಗ್ಗಿ ನೋಡಲು ಹೋದಾಗ ರಾಯರು ಉಸಿರು ಬಿಡಬೇಡಿರೆಂದು ಗದರಿದರು.

ಕಂಪನಿಯ ಮೊದಲ ಅಧ್ಯಕ್ಷ ಎರ್ನೆಸ್ತೊ ಕೊರ್ತಿಸೋಸ್ 1924ರಲ್ಲಿ ತಮ್ಮದೇ ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಬರಾಂಕಿಯಾದ ಇಂದಿನ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು.

ಅಸಲು ತಮಾಷೆ ಇರುವುದು ಮುಂದೆ. ಕಂಪನಿಯ ಬಹುಪಾಲು ಷೇರುಗಳನ್ನು ಕೈಯಲ್ಲಿಟ್ಟುಕೊಂಡಿದ್ದ ಆಸ್ಟ್ರಿಯಾದ ಪೀಟರ್ ಪಾಲ್ ಫಾನ್ ಬಾವರ್, 1931ರಲ್ಲಿ ಅವನ್ನು ಅಮೆರಿಕದ ಪ್ಯಾನ್ ಆಮ್ ಕಂಪನಿಯ ಹುವಾನ್ ಟ್ರಿಪ್‌ಗೆ ಗುಟ್ಟಾಗಿ ಮಾರಿಬಿಟ್ಟರು. ಎರಡನೆಯ ಮಹಾಯುದ್ಧ ಬಂದಾಗ, ಪನಾಮಾ ಕಾಲುವೆಯ ಮಗ್ಗುಲಲ್ಲೇ ಜರ್ಮನ್ ಪೈಲಟ್‌ಗಳು ಹಾರಾಡುತ್ತಿದ್ದಾರೆಂದು ಅಮೆರಿಕ ಗಾಬರಿಗೊಂಡಿತು.

“ಅಂದರೆ ಅಮೆರಿಕದವರು ಹೆದರಿದ್ದು ಅಮೆರಿಕದವರದೇ ಕಂಪನಿಗೆ!” ಎಂದು ಸಾವಿತ್ರಮ್ಮನವರು ಕಾಫಿ ಲೋಟವನ್ನು ಕೆಳಗಿಟ್ಟು ನಕ್ಕರು.

1940ರಲ್ಲಿ ಜರ್ಮನ್ ಸಿಬ್ಬಂದಿಯನ್ನು ಮನೆಗೆ ಕಳುಹಿಸಿ, ಸಾಕೊ ಎಂಬ ಇನ್ನೊಂದು ಕಂಪನಿಯನ್ನು ಸೇರಿಸಿಕೊಂಡು ಏವಿಯಾಂಕಾ ಎಂದು ನಾಮಕರಣ ಮಾಡಿದರು. ನಂಜುಂಡಯ್ಯನವರು ಎರಡನೆಯ ಆಕ್ಷೇಪಣೆಗೆ ಬಾಯಿ ತೆರೆಯುವ ಮುಂಚೆಯೇ ರಾಯರು ದಶಕಗಳನ್ನು ಹಾರಿಸಿಕೊಂಡು 2003ರ ದಿವಾಳಿ ಅರ್ಜಿಗೆ ಬಂದರು. ಅದಾದ ಮೇಲೆ ಕಂಪನಿಯನ್ನು ಕೊಂಡವರು ಬೊಲಿವಿಯಾದಲ್ಲಿ ಹುಟ್ಟಿ ಬ್ರೆಜಿಲ್‌ನಲ್ಲಿ ಉದ್ಯಮ ಬೆಳೆಸಿದ ಹೆರ್ಮಾನ್ ಎಫ್ರೊಮೊವಿಚ್. ಎಲ್ ಸಾಲ್ವಡಾರ್‌ನ ಟಾಕಾ ವಿಮಾನ ಕಂಪನಿ ಜೊತೆಗೂಡಿತು, ಜಾಲ ಹಿಗ್ಗಿತು, ಸಾಲವೂ ಹಿಗ್ಗಿತು. 2017ರಲ್ಲಿ ಪೈಲಟ್‌ಗಳು 51 ದಿನ ಮುಷ್ಕರ ಹೂಡಿದರು. 2019ರಲ್ಲಿ ಅಮೆರಿಕದ ಯುನೈಟೆಡ್ ವಿಮಾನ ಕಂಪನಿಯ ಸಾಲ ತೀರಿಸಲಾಗದೆ ಎಫ್ರೊಮೊವಿಚ್ ಹಿಡಿತ ಕಳೆದುಕೊಂಡರು. ನೂರು ತುಂಬಿದ ಮರುವರ್ಷವೇ, 2020ರ ಮೇ 10ರಂದು, ಕೊರೊನಾ ಹೊಡೆತಕ್ಕೆ ಏವಿಯಾಂಕಾ ಮತ್ತೆ ದಿವಾಳಿ ನ್ಯಾಯಾಲಯದ ಬಾಗಿಲು ಬಡಿಯಿತು.

2021ರ ಕೊನೆಯಲ್ಲಿ ಅಲ್ಲಿಂದ ಹೊರಬಂದದ್ದೇನೋ ಹೌದು, ಆದರೆ ಸೊಂಟ ಬಿಗಿದುಕೊಂಡು: ಅಗ್ಗದ ಟಿಕೆಟ್, ಊಟಕ್ಕೆ ಬೇರೆ ಕಾಸು, ಒತ್ತೊತ್ತಾಗಿ ಜೋಡಿಸಿದ ಆಸನಗಳು. ನನ್ನ ಅಭಿಪ್ರಾಯದಲ್ಲಿ ನೂರು ದಾಟಿದ ಸಂಸ್ಥೆಗೆ ಮೊಣಕಾಲಿನ ಕಷ್ಟ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು.

“ಈಗಿನ ಯಜಮಾನರು ಯಾರು?” ಎಂದು ನಂಜುಂಡಯ್ಯನವರು ಕೇಳಿದರು.

“ಆಬ್ರಾ ಎಂಬ ಸಮೂಹ. ಬ್ರೆಜಿಲ್‌ನ ಗೋಲ್ ಕಂಪನಿಯೂ ಅದರದೇ ಮಡಿಲಲ್ಲಿದೆ.”

“ಹೆಸರು ಬೇರೆ, ಯಜಮಾನರು ಬೇರೆ, ಎರಡು ಸಲ ದಿವಾಳಿ, ಅದೇ ಕಂಪನಿ ಎಂದು ನಾನು ಹೇಗೆ ಸಹಿ ಹಾಕಲಿ?”

“ಹಾಕಿಬಿಡಿ ಸ್ವಾಮಿ,” ಎಂದರು ಸಾವಿತ್ರಮ್ಮನವರು. “ನೀವು ಹಾಕದಿದ್ದರೆ ಆ ಕುರ್ಚಿಯಲ್ಲಿ ಕೂರಲು ಆಸ್ಟ್ರೇಲಿಯಾದ ಕ್ವಾಂಟಾಸ್ 1920ರಿಂದಲೂ ಸಾಲಿನಲ್ಲಿ ನಿಂತಿದೆ.”