ಮೊಟ್ಟೆ ಇಲ್ಲದ ದಿಢೀರ್ ತಿರಾಮಿಸು: ಕ್ರೀಮ್ ನಿಲ್ತಾನೇ ಇಲ್ಲ, ಸಹಾಯ ಬೇಕು

ಸಿಹಿಕಹಿ_88:
ತಲೆ ಕೆಟ್ಟು ಹೋಗಿದೆ. ಮೊಟ್ಟೆ ಹಾಕದೆ, ಓವನ್ ಇಲ್ಲದೆ ಮಾಡೋ ದಿಢೀರ್ ತಿರಾಮಿಸು, ಅದೇ ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಕ್ರೀಮ್ ಪದರ ಪದರವಾಗಿ ಜೋಡಿಸೋ ಇಟಲಿಯ ಸಿಹಿ. ಅಳತೆಯೆಲ್ಲ ಸರಿಯಾಗೇ ಹಾಕಿದ್ದು. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೂ ಚಮಚ ಹಾಕಿದ ಕೂಡಲೇ ಕ್ರೀಮ್ ಪಾಯಸದ ಹಾಗೆ ಹರಿಯತ್ತೆ, ತಳದಲ್ಲಿ ನೀರು ನಿಂತಿರತ್ತೆ. ಶನಿವಾರ ಹನ್ನೆರಡು ಜನಕ್ಕೆ ಬೇಕು. ಏನಾಗ್ತಿದೆ ಅಂತ ಗೊತ್ತಿರೋರು ಹೇಳಿ. "ಮೊಟ್ಟೆ ಹಾಕಿ" ಅನ್ನೋ ಸಲಹೆ ಮಾತ್ರ ಬೇಡ.

ರಸ್ಕ್‌ರಾಯ:
ಬಿಸ್ಕತ್ತು ಜಾಸ್ತಿ ನೆನೆಸ್ತಿದ್ದೀರಿ, ಇನ್ನೇನೂ ಅಲ್ಲ. ಸವೊಯಾರ್ದಿ (ಬೆರಳಿನ ಆಕಾರದ ಹಗುರ ಇಟಾಲಿಯನ್ ಬಿಸ್ಕತ್ತು) ಆದ್ರೆ ಒಂದೊಂದು ಬದಿ ಒಂದು ಸೆಕೆಂಡ್, ತೆಗೆದುಬಿಡಬೇಕು. ಮುರಿದು ನೋಡಿದ್ರೆ ನಡುವೆ ಒಣಗಿರಬೇಕು. ಆ ಒಣ ಭಾಗ ರಾತ್ರಿ ಕ್ರೀಮ್‌ನ ತೇವ ಎಳ್ಕೊಂಡು ಮೆತ್ತಗಾಗತ್ತೆ. ಬೇಕರಿ ರಸ್ಕ್ ಆದ್ರೆ ಗಟ್ಟಿ, ಮೂರ್ನಾಲ್ಕು ಸೆಕೆಂಡ್ ಬೇಕು. ಮಾರಿ ಬಿಸ್ಕತ್ತು ಬೇಡವೇ ಬೇಡ, ಹಿಟ್ಟಾಗಿ ಹೋಗತ್ತೆ. ಕಾಫಿ ಪೂರ್ತಿ ತಣ್ಣಗಿರಬೇಕು.

ಗ್ರಾಂ_ಲೆಕ್ಕ:
"ಅಳತೆಯೆಲ್ಲ ಸರಿ" ಅಂದ್ರೆ ಯಾವ ಅಳತೆ ಮೇಡಂ? ಮಸ್ಕಾರ್ಪೋನೆ (ಕ್ರೀಮಿನಿಂದ ಮಾಡೋ ಇಟಲಿಯ ಮೆತ್ತನೆ ಚೀಸ್) ಎಷ್ಟು ಗ್ರಾಂ? ಕ್ರೀಮ್ ಪ್ಯಾಕಿನ ಮೇಲೆ ಕೊಬ್ಬು ಶೇಕಡಾ ಎಷ್ಟು ಅಂತ ಬರೆದಿದೆ? ಯಾವುದರಲ್ಲಿ ಬೀಟ್ ಮಾಡಿದ್ರಿ?

ಸಿಹಿಕಹಿ_88:
ಮಾಮೂಲಿ ಕ್ರೀಮೇ ಸರ್, ಅಂಗಡೀಲಿ ಸಿಗೋದು. ಬಿಸ್ಕತ್ತು ಹೆಚ್ಚು ನೆನೆಸಿಲ್ಲ.

ರಸ್ಕ್‌ರಾಯ:
ಎಲ್ರೂ ಹಾಗೇ ಅಂತಾರೆ. ನೆನೆಸೋ ಮುಂಚೆ ಒಂದು ಬಿಸ್ಕತ್ತು ತೂಕ ಮಾಡಿ, ಅದ್ದಿದ ಮೇಲೆ ಇನ್ನೊಂದ್ಸಲ ಮಾಡಿ. ತೂಕ ಎರಡರಷ್ಟಕ್ಕಿಂತ ಮೇಲೆ ಹೋದ್ರೆ ನನ್ನ ಮಾತೇ ಸರಿ.

ಹುಬ್ಬಳ್ಳಿ_ಪೇಡಾ:
ರಾಯರ, ಬಿಸ್ಕೀಟ್ ಬಿಡ್ರಿ ಈಗ. ತಳದಾಗ ನಿಂತ ನೀರಿನ ಬಣ್ಣ ಏನೈತಿ, ಅದನ್ನ ಕೇಳ್ರಿ. ಕಂದು ಇದ್ರ ಕಾಫಿ ಹೆಚ್ಚಾಗೇತಿ, ನೀವ್ ಅಂದಂಗ. ಮಬ್ಬ ಮಬ್ಬ ಬೆಳ್ಳಗ ಇದ್ರ ಅದು ಕ್ರೀಮಿಂದ ಬಿಟ್ಟ ನೀರು, ಬಿಸ್ಕೀಟಿಗೂ ಅದಕ್ಕೂ ಸಂಬಂಧ ಇಲ್ಲ.

ಕಡಲತೀರ:
ಅಸಲು ತಿರಾಮಿಸುವಿನಲ್ಲಿ ವಿಪ್ ಮಾಡಿದ, ಅಂದರೆ ಬಡಿದು ಉಬ್ಬಿಸಿದ ಕ್ರೀಮೇ ಇಲ್ಲ ಮಾರಾಯ್ರೆ. 2010ರಲ್ಲಿ ಇಟಾಲಿಯನ್ ಪಾಕ ಅಕಾಡೆಮಿಯ ಟ್ರೆವಿಝೋ (ವೆನೆಟೊ ಪ್ರಾಂತ್ಯದ ಊರು) ಶಾಖೆಯವರು ನೋಟರಿ ಮುಂದೆ ದಾಖಲು ಮಾಡಿದ ಅಳತೆ ಉಂಟು: 12 ಮೊಟ್ಟೆಯ ಹಳದಿ, ಅರ್ಧ ಕಿಲೋ ಸಕ್ಕರೆ, ಒಂದು ಕಿಲೋ ಮಸ್ಕಾರ್ಪೋನೆ, 60 ಸವೊಯಾರ್ದಿ, ಕಾಫಿ, ಕೋಕೋ. ಮದ್ಯವೂ ಇಲ್ಲ. ಮೊಟ್ಟೆ ಬಿಟ್ಟು ಮಾಡಿದ್ದಕ್ಕೆ ಬೇರೆ ಹೆಸರಿಡಿ.

ಲೆಮನ್_ಪಿಕಲ್:
ಟ್ರೆವಿಝೋದವರಿಗೇ ಯಾಕೆ ಪಟ್ಟ? 2017ರಲ್ಲಿ ಇಟಲಿಯ ಕೃಷಿ ಸಚಿವಾಲಯ ತಿರಾಮಿಸುವನ್ನ ಪಕ್ಕದ ಫ್ರಿಯುಲಿ ವೆನೆಝಿಯಾ ಜೂಲಿಯಾ ಪ್ರಾಂತ್ಯದ ಸಾಂಪ್ರದಾಯಿಕ ತಿನಿಸುಗಳ ಪಟ್ಟಿಗೆ ಸೇರಿಸಿದೆ. ಅಲ್ಲಿನ ತೊಲ್ಮೆಝೋ ಊರಿನ ಹೋಟೆಲ್‌ನಲ್ಲಿ 1950ರ ದಶಕದಲ್ಲೇ ಮಾಡ್ತಿದ್ರು ಅನ್ನೋದು ಅವರ ವಾದ.

ಕಡಲತೀರ:
ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಹುಟ್ಟಿದ್ದು ಅಲ್ಲೇ ಅಂತ ಆಗುವುದಿಲ್ಲ. ವೆನೆಟೊದವರು ಅದೇ ವರ್ಷ ಜಗಳಕ್ಕೆ ನಿಂತದ್ದು ಸುಮ್ಮನೆಯಾ?

ನಿರ್ವಾಹಕ:
ಮೂಲದ ಜಗಳಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಇಲ್ಲಿ ಕ್ರೀಮ್ ವಿಷಯ ಮಾತ್ರ.

ಸಿಹಿಕಹಿ_88:
ನೀರು ಬೆಳ್ಳಗೇ ಇದೆ, ಕಾಫಿ ಬಣ್ಣ ಇಲ್ಲ. ಮಸ್ಕಾರ್ಪೋನೆ ದುಬಾರಿ, ನಮ್ಮೂರಲ್ಲಿ ಸಿಗೋದೂ ಇಲ್ಲ. ಅದಕ್ಕೆ ಬಟ್ಟೆಯಲ್ಲಿ ಕಟ್ಟಿದ ಮೊಸರು 250 ಗ್ರಾಂ, ಟೆಟ್ರಾ ಪ್ಯಾಕ್ ಕ್ರೀಮ್ 200 ಎಂಎಲ್, ಅರ್ಧ ಡಬ್ಬ ಕಂಡೆನ್ಸ್ಡ್ ಮಿಲ್ಕ್, ಎಲ್ಲಾ ಮಿಕ್ಸಿಗೆ ಹಾಕಿ ತಿರುಗಿಸಿದ್ದು. ಪ್ಯಾಕಿನ ಮೇಲೆ ಕೊಬ್ಬು 25 ಅಂತಿದೆ. ಇದನ್ನೆಲ್ಲ ಹೇಳಬೇಕಿತ್ತಾ? ಎಲ್ರೂ ಹೀಗೇ ಮಾಡ್ತಾರಲ್ವಾ.

ಗ್ರಾಂ_ಲೆಕ್ಕ:
ಉತ್ತರ ಇಲ್ಲೇ ಇದೆ, ಒಂದಲ್ಲ, ಮೂರು.

ಮೊದಲನೆಯದು ಕ್ರೀಮ್. ಶೇ. 30ಕ್ಕಿಂತ ಕಡಿಮೆ ಕೊಬ್ಬಿದ್ರೆ ವಿಪ್ ಆಗಲ್ಲ. ಬೀಟ್ ಮಾಡುವಾಗ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿ ಗಾಳಿಗುಳ್ಳೆಗಳ ಸುತ್ತ ಗೋಡೆ ಕಟ್ಟಬೇಕು; ಶೇ. 25ರಲ್ಲಿ ಗೋಡೆಗೆ ಸಾಕಾಗುವಷ್ಟು ಕೊಬ್ಬೇ ಇಲ್ಲ. ಗ್ರೇವಿಗೆ, ಫ್ರೂಟ್ ಸಲಾಡ್‌ಗೆ ಅದು ಸರಿ. ಇದಕ್ಕೆ ಶೇ. 35ರದ್ದು ತನ್ನಿ.

ಎರಡನೆಯದು ಮಿಕ್ಸಿ. ಬ್ಲೇಡ್ ಗಾಳಿ ತುಂಬಲ್ಲ, ಕತ್ತರಿಸತ್ತೆ, ಜೊತೆಗೆ ಬಿಸಿ ಮಾಡತ್ತೆ. ಕಟ್ಟಿದ ಮೊಸರಿನ ಗಟ್ಟಿತನ ಒಡೆದುಹೋದ ಮೇಲೆ ಅದು ಹಿಡಿದಿಟ್ಟುಕೊಂಡಿದ್ದ ನೀರನ್ನ ರಾತ್ರಿಯಿಡೀ ಬಿಡ್ತಾ ಹೋಗತ್ತೆ. ನಿಮ್ಮ ತಳದ ಬಿಳಿ ನೀರು ಅದೇ.

ಮೂರನೆಯದು ಕಂಡೆನ್ಸ್ಡ್ ಮಿಲ್ಕ್. ಮೊಸರಿನ ಜೊತೆ ಸೇರಿಸಿ ಹಬೆಯಲ್ಲಿ ಬೇಯಿಸಿದ್ರೆ ಗಟ್ಟಿಯಾಗತ್ತೆ. ಹಸಿಯಾಗಿ ಹಾಕಿದ್ರೆ ಅದೂ ಒಂದು ದ್ರವ, ಅಷ್ಟೇ. ಸಕ್ಕರೆ ಪುಡಿ ಹಾಕಿ.

ಹನ್ನೆರಡು ಜನಕ್ಕೆ: ಮಸ್ಕಾರ್ಪೋನೆ 500 ಗ್ರಾಂ, ಶೇ. 35ರ ಕ್ರೀಮ್ 400 ಎಂಎಲ್, ಸಕ್ಕರೆ ಪುಡಿ 120 ಗ್ರಾಂ, ಮೊಟ್ಟೆ ಇಲ್ಲದ ಸವೊಯಾರ್ದಿ ಸುಮಾರು 40, ತಣ್ಣಗಿನ ಗಟ್ಟಿ ಕಾಫಿ 350 ಎಂಎಲ್, 33 ಸೆಂಮೀ ಉದ್ದ 23 ಸೆಂಮೀ ಅಗಲದ ಟ್ರೇ. ಪಾತ್ರೆ, ಬೀಟರ್ ಕಡ್ಡಿ ಎರಡೂ ಫ್ರಿಜ್‌ನಲ್ಲಿ ಅರ್ಧ ಗಂಟೆ ಇರಲಿ. ಬೇಸಿಗೆ ಆದ್ರೆ ಪಾತ್ರೆ ಕೆಳಗೆ ಐಸ್ ನೀರು. ಕ್ರೀಮ್, ಸಕ್ಕರೆ ಬೀಟ್ ಮಾಡಿ. ಕಡ್ಡಿ ಎತ್ತಿದ್ರೆ ತುದಿ ನಿಂತು ಕೊಂಚ ಬಾಗಬೇಕು, ಅಲ್ಲಿಗೆ ನಿಲ್ಲಿಸಿ. ಮಸ್ಕಾರ್ಪೋನೆಗೆ ಬೀಟರ್ ತಾಗಿಸಲೇಬೇಡಿ. ಅದರಲ್ಲಿ ಕೊಬ್ಬು ಶೇ. 40ರ ಮೇಲೆ, ಹೆಚ್ಚು ಬಡಿದ್ರೆ ಬೆಣ್ಣೆ ಕಾಳಾಗತ್ತೆ. ಸ್ಪ್ಯಾಚುಲಾದಲ್ಲಿ ಸಡಿಲ ಮಾಡಿ, ಕ್ರೀಮ್ ಮೂರು ಭಾಗವಾಗಿ ಹಾಕಿ, ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಬೆರೆಸಿ. ಕಾಳು ಕಾಣಿಸಿಕೊಂಡ ತಕ್ಷಣ ಎರಡು ಚಮಚ ಬೀಟ್ ಮಾಡದ ಕ್ರೀಮ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿದ್ರೆ ಸರಿಹೋಗತ್ತೆ. ನೀರು ಬಿಟ್ಟ ಮೇಲೆ ಏನೂ ಮಾಡಕ್ಕಾಗಲ್ಲ.

ರಸ್ಕ್‌ರಾಯ:
ಎಲ್ಲಾ ಸರಿ, ಆದ್ರೂ ಬಿಸ್ಕತ್ತಿನ ತೂಕ ಇನ್ನೂ ಹೇಳಿಲ್ಲ ಅವರು.

ಓವನ್_ಇಲ್ಲ:
ಇಷ್ಟೆಲ್ಲ ಯಾಕೆ, ಚೈನಾ ಗ್ರಾಸ್ (ಕಡಲಪಾಚಿಯಿಂದ ಮಾಡೋ ಅಗರ್) ಹಾಕಿ, ಗಟ್ಟಿ ನಿಲ್ಲತ್ತೆ.

ಗ್ರಾಂ_ಲೆಕ್ಕ:
ಚೈನಾ ಗ್ರಾಸ್ ನೀರಲ್ಲಿ ಕುದಿಯಲೇಬೇಕು, ಆಮೇಲೆ 40 ಡಿಗ್ರಿ ಹತ್ತಿರಕ್ಕೆ ಇಳಿದ್ರೆ ಸಾಕು, ಹೆಪ್ಪುಗಟ್ಟತ್ತೆ. ತಣ್ಣನೆ ಕ್ರೀಮಿಗೆ ಸುರಿದ್ರೆ ಸುರಿದಲ್ಲೇ ಎಳೆ ಎಳೆ. ಜೆಲಾಟಿನ್ ಆದ್ರೆ ಕೆಲಸ ಆಗತ್ತೆ, ಆದ್ರೆ ಅದು ಪ್ರಾಣಿಜನ್ಯ. ಮೊಟ್ಟೆ ಬೇಡ ಅಂದವರಿಗೆ ಅದು ನಡೆಯತ್ತಾ ಕೇಳ್ಕೊಳ್ಳಿ.

ಹುಬ್ಬಳ್ಳಿ_ಪೇಡಾ:
ಮಸ್ಕಾರ್ಪೋನೆ ಸಿಗಲಿಲ್ಲಂದ್ರ ಕ್ರೀಮ್ ಚೀಸ್ ತಗೋರಿ. 400 ಗ್ರಾಂ ಚೀಸಿಗೆ 100 ಎಂಎಲ್ ಕ್ರೀಮ್ ಸೇರಿಸಿ ಸಡಿಲ ಮಾಡ್ಕೋರಿ. ಸ್ವಲ್ಪ ಉಪ್ಪು, ಸ್ವಲ್ಪ ಹುಳಿ ಇರ್ತೈತಿ, ಸಕ್ಕರಿ ಒಂದ್ ಚಮಚಾ ಹೆಚ್ಚ ಹಾಕ್ರಿ. ಮೊಸರೇ ಬೇಕಂದ್ರ ಫ್ರಿಜ್ ಒಳಗ, ಮ್ಯಾಲೆ ಭಾರ ಇಟ್ಟು 12 ತಾಸು ಸೋಸ್ರಿ. ಹೊರಗ ಕಟ್ಟಿದ್ರ ಹುಳಿ ಆಗ್ತೈತಿ.

ಸಿಹಿಕಹಿ_88:
ಇಲ್ಲಿ ಬೇಕರಿ ಸಾಮಾನಿನ ಅಂಗಡೀಲಿ ನಾನ್ ಡೇರಿ ವಿಪ್ಪಿಂಗ್ ಕ್ರೀಮ್ ಇದೆಯಂತೆ. ಅದು ಆಗತ್ತಾ?

ಗ್ರಾಂ_ಲೆಕ್ಕ:
ನಿಲ್ಲೋದಂತೂ ಗ್ಯಾರಂಟಿ. ಫ್ರೀಜರ್‌ನಿಂದ ತೆಗೆದು ರಾತ್ರಿಯಿಡೀ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಕರಗಿಸಿ, ಐಸ್ ತುಣುಕು ಉಳಿದಿದ್ರೆ ಸರಿಯಾಗಿ ಉಬ್ಬಲ್ಲ. ಅದರಲ್ಲೇ ಸಕ್ಕರೆ ಇದೆ, ನಿಮ್ಮ 120 ಗ್ರಾಂ ಪೂರ್ತಿ ಬಿಡಿ. ರುಚಿ ಮಾತ್ರ ವನಸ್ಪತಿಯದ್ದೇ, ಬಾಯಲ್ಲಿ ಮೇಣದ ಪದರ ಉಳಿಯತ್ತೆ. ಕ್ರೀಮ್ ಚೀಸ್ ಜೊತೆ ಅರ್ಧರ್ಧ ಮಾಡಿದ್ರೆ ಪರವಾಗಿಲ್ಲ.

ಡಿಕಾಕ್ಷನ್_ದಾಸ:
ಕಾಫಿ ಬಗ್ಗೆ ಯಾರೂ ಮಾತಾಡ್ಲಿಲ್ವಲ್ಲ ಗುರು! ಹಿತ್ತಾಳೆ ಫಿಲ್ಟರ್, ಚಿಕ್ಕಮಗಳೂರು ಪೀಬೆರಿ, ಚಿಕೋರಿ ಸೊನ್ನೆ. ಮೊದಲ ಡಿಕಾಕ್ಷನ್ ಅಷ್ಟೇ ಅಳತೆ ನೀರಿಗೆ ಬೆರೆಸಿದ್ರೆ ಇದಕ್ಕೆ ಸಾಕು.

ಲೆಮನ್_ಪಿಕಲ್:
ಫಿಲ್ಟರ್ ಯಾಕೆ, ಮೋಕಾ ಪಾಟ್ ಇರುವಾಗ? ಆರು ಕಪ್ಪಿನದ್ದು, ಇಂಡಕ್ಷನ್ ತಳ, ಗ್ರೈಂಡರ್ ಬರ್ ಕೂಡ ಬದಲಾಯಿಸಿದ್ದೀನಿ. ಫೋಟೋ ಹಾಕ್ತೀನಿ ಇರಿ.

ಡಿಕಾಕ್ಷನ್_ದಾಸ:
ಹಾಕಿ, ನಾನೂ ಹಾಕ್ತೀನಿ. ಮೂರು ಸೈಜಿನ ಫಿಲ್ಟರ್ ಇದೆ ಇಲ್ಲಿ.

ಹೊಸಬ_ತುಮಕೂರು:
ಸಕ್ಕರೆ ಬದಲು ಬೆಲ್ಲದ ಪುಡಿ ಆಗತ್ತಾ?

ಹುಬ್ಬಳ್ಳಿ_ಪೇಡಾ:
ಕಾಫಿಗೆ ಹಾಕ್ರಿ, ಕ್ರೀಮಿಗೆ ಬ್ಯಾಡ. ಪುಡಿ ಕರಗೂದಿಲ್ಲ, ಹಳಕ ಹಳಕ ಉಳೀತೈತಿ, ಅದರ ಸುತ್ತ ನೀರ ಒಡೀತೈತಿ. ಕೋಕೋ ಸಹ ಕೊಡೋ ಹೊತ್ತಿಗೇ ಜರಡಿ ಹಿಡೀರಿ, ಮೊದಲ ಹಾಕಿದ್ರ ತೇವ ಎಳಕೊಂಡು ಕರಿ ಕಲೆ ಬೀಳ್ತೈತಿ.