ಸಹಾಯ ಬೇಕು: ಅಪ್ಪನ ದನಿ ಇರುವ ಹಾರ್ಡ್ ಡಿಸ್ಕ್ ಕೆಡುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೈಕೊಡುತ್ತಿದೆ. ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳಿದ ರೆಕಾರ್ಡಿಂಗ್‌ಗಳೆಲ್ಲ ಅದರಲ್ಲೇ ಇವೆ. ಅಪ್ಪ ಈಗ ಇಲ್ಲ. ಬೇರೆ ಕಡೆ ಕಾಪಿಯೂ ಇಲ್ಲ.

ಹೋದ ವಾರ ಫೋಲ್ಡರ್ ತೆರೆಯುವುದೇ ನಿಧಾನವಾಯಿತು. ಆಮೇಲೆ ವಿಂಡೋಸ್ ಫಾರ್ಮ್ಯಾಟ್ ಮಾಡಬೇಕಾ ಎಂದು ಕೇಳತೊಡಗಿತು. ನಾನು ಮಾಡಲಿಲ್ಲ. ಕೇಬಲ್ ಬದಲಿಸಿದೆ, ಬೇರೆ ಲ್ಯಾಪ್‌ಟಾಪ್‌ಗೂ ಹಾಕಿದೆ, ಅದೇ ಕಥೆ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳದಿ ಬಣ್ಣದ 'ಕಾಷನ್' ಬರುತ್ತಿದೆ, ಪೆಂಡಿಂಗ್ ಸೆಕ್ಟರ್‌ಗಳು (ಸರಿಯಾಗಿ ಓದಲಾಗದ ಜಾಗಗಳು) ಜಾಸ್ತಿಯಾಗುತ್ತಲೇ ಇವೆ. ವಿಂಡೋಸ್‌ನದೇ ಚೆಕ್‌ಡಿಸ್ಕ್ ಮಾತ್ರ ಓಡಿಸಿಲ್ಲ. ಅದು ರಿಪೇರಿ ಮಾಡಲು ಹೋಗಿ ಡಿಸ್ಕ್ ಮೇಲೆ ಬರೆದರೆ ಇದ್ದದ್ದೂ ಹೋಗಬಹುದು ಅಲ್ವಾ?

ಕೊನೆಗೆ ಲಿನಕ್ಸ್ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಕೆಡುತ್ತಿರುವ ಡಿಸ್ಕ್‌ನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಬಳಸಿ ಹೊಸ 2 ಟಿಬಿ ಡಿಸ್ಕ್‌ಗೆ ಇಮೇಜ್ (ಇಡೀ ಡಿಸ್ಕ್‌ನ ನಕಲು) ತೆಗೆದೆ. ಯಾವ ಭಾಗ ಓದಿ ಆಗಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಇಟ್ಟುಕೊಂಡಿದ್ದೇನೆ, ಹಾಗಾಗಿ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಬಹುದು. ಮೊದಲ ಸುತ್ತಿನಲ್ಲಿ 94% ಬಂತು. ಉಳಿದದ್ದನ್ನು ಓದಿಸಲು ಹೋದಾಗ ನಿನ್ನೆ ರಾತ್ರಿ ಟಕ್ ಟಕ್ ಸದ್ದು ಶುರುವಾಯಿತು. ಎದೆ ಧಸಕ್ಕೆಂದಿತು. ತಕ್ಷಣ ಕೇಬಲ್ ಕಿತ್ತು ಎತ್ತಿಟ್ಟೆ.

ಇಮೇಜ್ ಮೇಲೆ ಫೋಟೋರೆಕ್ ಎಂಬ ರಿಕವರಿ ಸಾಫ್ಟ್‌ವೇರ್ ಓಡಿಸಿದರೆ ಆಡಿಯೋ ಸಿಗುತ್ತದೆ, ಆದರೆ ಫೈಲ್ ಹೆಸರುಗಳು ಹೋಗುತ್ತವೆ. ಯಾವ ಊರು, ಯಾವ ಪ್ರಸಂಗ, ಯಾವ ವರ್ಷ ಎಂಬುದೆಲ್ಲ ಆ ಹೆಸರಿನಲ್ಲೇ ಇದೆ. ನನಗೆ ಅದೂ ಬೇಕು.

ಅನುಭವ ಇರುವವರು ದಯವಿಟ್ಟು ಹೇಳಿ. ಎನ್‌ಟಿಎಫ್‌ಎಸ್ (ವಿಂಡೋಸ್ ಫಾರ್ಮ್ಯಾಟ್) ಡಿಸ್ಕ್‌ನ ಈ 94% ಇಮೇಜ್‌ನಿಂದ ಹೆಸರು, ಫೋಲ್ಡರ್ ಸಮೇತ ಫೈಲ್ ತೆಗೆಯಲು ಯಾವ ಸಾಫ್ಟ್‌ವೇರ್ ಒಳ್ಳೆಯದು? ಉಳಿದ 6%ಗಾಗಿ ಡಿಸ್ಕ್ ಅನ್ನು ಮನೆಯಲ್ಲೇ ಇನ್ನೊಮ್ಮೆ ಓಡಿಸಬಹುದೇ, ಅಥವಾ ಸದ್ದು ಬಂದ ಮೇಲೆ ನೇರವಾಗಿ ರಿಕವರಿ ಲ್ಯಾಬ್‌ಗೇ ಕೊಡಬೇಕೇ?